ವಾಣಿವಿಲಾಸ ಎಂಬ ಹೆಸರಿನ ಹಿಂದಿನ ತಾಯಿ

ಮಂಗಳೂರಿನವರಿಗೆ ಲೇಡಿಗೋಶನ್ ಹೇಗೋ, ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆಯವರಿಗೆ ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆ ಹಾಗೆ. ಹೆರಿಗೆ ಕಷ್ಟವಾಗಿ ತುಮಕೂರಲ್ಲೂ ಆಗಲ್ಲ ಅಂದರೆ ಆ್ಯಂಬುಲೆನ್ಸ್ ಓಡುವುದು ಅಲ್ಲಿಗೇ. ಆ ಹೆಸರು ಯಾರದ್ದೆಂದು ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ?

ಅದು ಮೈಸೂರಿನ ಮಹಾರಾಣಿ ಕೆಂಪನಂಜಮ್ಮಣ್ಣಿಯವರ ಬಿರುದು. 1866ರಲ್ಲಿ ಹುಟ್ಟಿದ ಅವರಿಗೆ ಹನ್ನೆರಡಕ್ಕೇ ಮದುವೆ. ಹೆಣ್ಣುಮಕ್ಕಳನ್ನು ಶಾಲೆಗೆ ಕಳಿಸಲು ಜನ ಹಿಂಜರಿಯುತ್ತಿದ್ದ ಕಾಲವದು. 1881ರಲ್ಲಿ ಅರಮನೆಯ ಆಶ್ರಯದಲ್ಲಿ ಮೈಸೂರಿನಲ್ಲಿ ಹೆಣ್ಣುಮಕ್ಕಳ ಶಾಲೆ ಶುರುವಾಯಿತು. ಅದೇ ಮುಂದೆ ಮಹಾರಾಣಿ ಕಾಲೇಜಾಗಿ ಬೆಳೆಯಿತು.

1894ರ ಕೊನೆಗೆ ಪತಿ ಚಾಮರಾಜೇಂದ್ರ ಒಡೆಯರ್ ಕಲ್ಕತ್ತೆಯಲ್ಲಿ ತೀರಿಕೊಂಡರು. ಮಗನಿಗೆ ಆಗ ಹತ್ತು ವರ್ಷ. ದುಃಖದ ಜೊತೆಗೆ ರಾಜ್ಯದ ಭಾರವೂ ಆ ತಾಯಿಯ ಹೆಗಲಿಗೆ ಬಿತ್ತು. 1902ರವರೆಗೆ ಮಗನ ಪರವಾಗಿ ಅವರೇ ಆಳಿದರು. ನಡುವೆ ಪ್ಲೇಗು ಬಂತು. ಅವರೇ ಅಡಿಗಲ್ಲು ಹಾಕಿದ್ದ ವಿಕ್ಟೋರಿಯಾ ಆಸ್ಪತ್ರೆ 1900ರಲ್ಲಿ ತೆರೆಯಿತು. ಶಿರಾದ ನೆರೆಯ ಹಿರಿಯೂರಿನ ಮಾರಿಕಣಿವೆ ಅಣೆಕಟ್ಟಿನ ಕೆಲಸ ಶುರುವಾದದ್ದೂ ಆಗಲೇ. 1934ರಲ್ಲಿ ಅವರು ತೀರಿಕೊಂಡರು. ಮರುವರ್ಷ ಬಾಗಿಲು ತೆರೆದ ಹೆಂಗಸರು-ಮಕ್ಕಳ ಆಸ್ಪತ್ರೆ ಅವರ ಹೆಸರು ಹೊತ್ತಿತು.

ಶಾಲೆ, ಆಸ್ಪತ್ರೆ ಎರಡೂ ಒಂದೇ ದಾರಿಯವು. ಅಫ್ಘಾನಿಸ್ತಾನ ನೋಡಿ. 2021ರಿಂದ ಅಲ್ಲಿ ಹುಡುಗಿಯರಿಗೆ ಆರನೇ ತರಗತಿ ದಾಟಿ ಶಾಲೆಯಿಲ್ಲ. 2024ರ ಡಿಸೆಂಬರಿನಲ್ಲಿ ನರ್ಸಿಂಗ್, ಹೆರಿಗೆ ತರಬೇತಿಯನ್ನೂ ನಿಲ್ಲಿಸಿದರು. ನಾಳೆ ಅಲ್ಲಿನ ತಾಯಂದಿರ ಹೆರಿಗೆ ಮಾಡಿಸುವವರು ಯಾರು?

ನಮ್ಮ ಮನೆಗಳಲ್ಲೂ ಹೆರಿಗೆಗೆ ಲೇಡಿ ಡಾಕ್ಟರೇ ಬೇಕು ಅನ್ನುತ್ತೇವೆ. ಬೇಕಾದದ್ದೇ. ಹಾಗಾದರೆ ಓದುವ ಮಗಳನ್ನು ಪಿಯುಸಿಗೇ ನಿಲ್ಲಿಸುವುದು ಬೇಡ.