ಗಾಲಿಗೆ ಗಾಳಿ ತುಂಬಿದ ವೈದ್ಯ

ವಿಜಯಪುರ ಜಿಲ್ಲೆಯ ಮುದ್ದೇಬಿಹಾಳ, ನಾಲತವಾಡಗಳ ಸೀಮೆಯಲ್ಲಿ ಒಂದು ಕಾಲಕ್ಕೆ ಚಕ್ಕಡಿಯೇ ಜನರ ಮುಖ್ಯ ವಾಹನವಾಗಿತ್ತು. ಅದರ ಮರದ ಗಾಲಿಗೆ ಕಬ್ಬಿಣದ ಪಟ್ಟಿಯನ್ನು ಬಿಗಿದಿರುತ್ತಿದ್ದರು. ಕಲ್ಲುದಾರಿಯಲ್ಲಿ ಅದು ಸಾಗುವಾಗ ಕುಳಿತವರ ಮೈ ನುಗ್ಗುನುರಿಯಾಗುತ್ತಿತ್ತು. ಮಳೆಗಾಲದಲ್ಲಿ ಎರೆಮಣ್ಣಿನೊಳಗೆ ಗಾಲಿ ಹೂತುಹೋದರೆ ಎತ್ತುಗಳಿಗೆ ಪ್ರಾಣಸಂಕಟವಾಗುತ್ತಿತ್ತು. ಇಂದು ಅದೇ ದಾರಿಗಳಲ್ಲಿ ಟೈರಿನ ಬಂಡಿಗಳೂ ಬಸ್ಸುಗಳೂ ಓಡಾಡುತ್ತವೆ. ಇದೇ ಜಿಲ್ಲೆಯ ಮತ್ತು ನೆರೆಯ ಬಾಗಲಕೋಟೆಯ ತರುಣ ತರುಣಿಯರು ಸೈಕಲ್ ಪಂದ್ಯಗಳಲ್ಲಿ ನಾಡಿಗೆ ಕೀರ್ತಿ ತಂದಿದ್ದಾರೆ. ಇವೆಲ್ಲಕ್ಕೂ ಆಧಾರವಾಗಿರುವುದು ರಬ್ಬರಿನೊಳಗೆ ಸೆರೆಯಾದ ಗಾಳಿ. ಆ ಗಾಳಿಯನ್ನು ಗಾಲಿಯ ಸೇವೆಗೆ ಹಚ್ಚಿ ಯಶಸ್ಸು ಪಡೆದವರು ಯಂತ್ರಶಿಲ್ಪಿಯಲ್ಲ, ದನಕರುಗಳಿಗೆ ಚಿಕಿತ್ಸೆ ಮಾಡುತ್ತಿದ್ದ ಒಬ್ಬ ಪಶುವೈದ್ಯರು. ಅವರೇ ಜಾನ್ ಬಾಯ್ಡ್ ಡನ್‌ಲಪ್.

ಡನ್‌ಲಪ್ ಅವರು 1840ರ ಫೆಬ್ರವರಿ 5ರಂದು ಸ್ಕಾಟ್ಲೆಂಡಿನ ಏರ್‌ಶೈರ್ ಪ್ರಾಂತದ ಡ್ರೆಗ್‌ಹಾರ್ನ್ ಎಂಬ ಹಳ್ಳಿಯ ಒಕ್ಕಲು ಮನೆತನದಲ್ಲಿ ಜನಿಸಿದರು. ಎಡಿನ್‌ಬರೋ ನಗರದಲ್ಲಿ ಪಶುವೈದ್ಯ ಶಾಸ್ತ್ರವನ್ನು ವ್ಯಾಸಂಗ ಮಾಡಿ, ಹತ್ತೊಂಬತ್ತನೆಯ ವಯಸ್ಸಿಗೇ ವೈದ್ಯರಾದರು. 1867ರಲ್ಲಿ ಐರ್ಲೆಂಡಿಗೆ ಹೋಗಿ ನೆಲೆಸಿದರು. ಬೆಲ್‌ಫಾಸ್ಟ್ ನಗರದಲ್ಲಿ ಅವರ ವೃತ್ತಿ ಚೆನ್ನಾಗಿ ಬೆಳೆಯಿತು; ಇಡೀ ಐರ್ಲೆಂಡಿನ ದೊಡ್ಡ ಪಶುಚಿಕಿತ್ಸಾಲಯಗಳಲ್ಲಿ ಅವರದೂ ಒಂದೆಂದು ಹೆಸರಾಯಿತು. 1871ರಲ್ಲಿ ಮಾರ್ಗರೆಟ್ ಸ್ಟೀವನ್‌ಸನ್ ಅವರನ್ನು ವಿವಾಹವಾದರು. ಅವರಿಗೆ ಒಬ್ಬ ಮಗ, ಒಬ್ಬ ಮಗಳು. ವೃತ್ತಿಗೆ ಬೇಕಾದ ಕೆಲವು ಉಪಕರಣಗಳನ್ನು ರಬ್ಬರಿನಿಂದ ತಾವೇ ಮಾಡಿಕೊಳ್ಳುತ್ತಿದ್ದುದರಿಂದ ಆ ವಸ್ತುವಿನ ಗುಣ ಸ್ವಭಾವಗಳು ಅವರಿಗೆ ಕರಗತವಾಗಿದ್ದವು. ಈ ಪರಿಚಯವೇ ಮುಂದೆ ಅವರ ಬಾಳಿನ ದಿಕ್ಕನ್ನು ಬದಲಿಸಿತು.

ಅವರ ಮಗ ಜಾನಿ ಮೂರು ಗಾಲಿಯ ಸೈಕಲ್ಲನ್ನು ತುಳಿಯುತ್ತಿದ್ದನು. ಆ ಕಾಲದ ಸೈಕಲ್ಲುಗಳಿಗೆ ಗಟ್ಟಿ ರಬ್ಬರಿನ ಪಟ್ಟಿಯಿತ್ತು. ಕಲ್ಲು ಹಾಸಿದ ಬೀದಿಗಳಲ್ಲಿ ಅದು ಕುಲುಕಾಡಿ ಬಾಲಕನನ್ನು ದಣಿಸುತ್ತಿತ್ತು. ಮಗನ ಈ ತೊಂದರೆಯನ್ನು ನಿವಾರಿಸುವ ಬಗೆಯನ್ನು ತಂದೆ ಯೋಚಿಸಿದರು. 1887ರ ಅಕ್ಟೋಬರ್ ತಿಂಗಳಲ್ಲಿ ಒಂದು ದೊಡ್ಡ ಮರದ ಬಿಲ್ಲೆಯ ಅಂಚಿಗೆ ರಬ್ಬರಿನ ಕೊಳವೆಯನ್ನು ಸುತ್ತಿ, ಮೇಲೆ ಬಟ್ಟೆಯನ್ನು ಹೊದಿಸಿ ಬಿಗಿದು, ಕಾಲ್ಚೆಂಡಿಗೆ ಗಾಳಿ ತುಂಬುವ ಪಂಪಿನಿಂದ ಅದಕ್ಕೆ ಗಾಳಿ ತುಂಬಿದರು. ಮನೆಯ ಅಂಗಳದಲ್ಲಿ ಜಾನಿಯ ಸೈಕಲ್ಲಿನ ಗಾಲಿಯನ್ನೂ ಈ ಹೊಸ ಗಾಲಿಯನ್ನೂ ಒಂದೇ ಸಮನೆ ಉರುಳಿಬಿಟ್ಟರು. ಹಳೆಯ ಗಾಲಿ ನಡುವೆಯೇ ಉರುಳಿಬಿದ್ದಿತು. ಗಾಳಿಯ ಗಾಲಿ ಅಂಗಳವನ್ನು ದಾಟಿ, ಬಾಗಿಲ ಕಂಬಕ್ಕೆ ಬಡಿದು ಹಿಂದಕ್ಕೆ ಪುಟಿಯಿತು.

ಆ ಸಣ್ಣ ಪರೀಕ್ಷೆಯಲ್ಲಿ ದೊಡ್ಡದೊಂದು ತತ್ತ್ವ ಅಡಗಿತ್ತು. ಗಟ್ಟಿಯಾದ ಗಾಲಿ ಕಲ್ಲನ್ನು ಏರಿದಾಗಲೆಲ್ಲ ಇಡೀ ವಾಹನವನ್ನೂ ಸವಾರನನ್ನೂ ಮೇಲಕ್ಕೆತ್ತಬೇಕಾಗುತ್ತದೆ. ಮುಂದೆ ಸಾಗಲು ಬೇಕಾದ ಶಕ್ತಿ ಈ ಏರಿಳಿತದಲ್ಲಿ ವ್ಯರ್ಥವಾಗುತ್ತದೆ. ಗಾಳಿ ತುಂಬಿದ ಟೈರಾದರೋ ಕಲ್ಲನ್ನು ತನ್ನೊಳಗೆ ಅಡಗಿಸಿಕೊಂಡು ಮುಂದೆ ಹೋಗುತ್ತದೆ. ಸುಖಕ್ಕಾಗಿ ಹುಟ್ಟಿದ ಸಾಧನದಿಂದ ವೇಗವೂ ದೊರೆಯಿತು. 1888ರ ಫೆಬ್ರವರಿ ತಿಂಗಳ ಕೊನೆಯಲ್ಲಿ ಜಾನಿ ಹೊಸ ಟೈರುಗಳ ಸೈಕಲ್ಲನ್ನು ತುಳಿದು ಆನಂದಿಸಿದನು. ಅದೇ ವರ್ಷದ ಡಿಸೆಂಬರ್ 7ರಂದು ಡನ್‌ಲಪ್ ಅವರಿಗೆ ಪೇಟೆಂಟು ದೊರೆಯಿತು.

ಆದರೆ ಜನ ಸುಲಭವಾಗಿ ನಂಬಲಿಲ್ಲ. ದಪ್ಪನೆಯ ಈ ಟೈರುಗಳು ನೋಡಿದವರಿಗೆ ನಗೆಯನ್ನು ತರಿಸುತ್ತಿದ್ದವು. ಬೆಲ್‌ಫಾಸ್ಟಿನ ಸೈಕಲ್ ಸಂಘವೊಂದರ ನಾಯಕರಾಗಿದ್ದ ವಿಲ್ಲಿ ಹ್ಯೂಮ್ ಮಾತ್ರ ಅಂಥ ಟೈರುಗಳ ಸೈಕಲ್ಲನ್ನು ಕೊಂಡರು. ಅದರ ಮೇಲೆ ಪಂದ್ಯಕ್ಕಿಳಿಯುವಂತೆ ಡನ್‌ಲಪ್ ಅವರಿಗೆ ಸೂಚಿಸಿದರು. 1889ರ ಮೇ 18ರಂದು ಬೆಲ್‌ಫಾಸ್ಟಿನ ಕ್ವೀನ್ಸ್ ಕಾಲೇಜಿನ ಕ್ರೀಡಾಕೂಟದಲ್ಲಿ ಹ್ಯೂಮ್ ನಾಲ್ಕು ಸೈಕಲ್ ಪಂದ್ಯಗಳನ್ನೂ ಗೆದ್ದರು. ಕೆಲವೇ ದಿನಗಳಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ ಒಂದನ್ನುಳಿದು ಮಿಕ್ಕೆಲ್ಲ ಪಂದ್ಯಗಳೂ ಅವರವೇ ಆದವು. ಅಣಕದ ನಗೆ ಅಡಗಿತು. ಸೋತವರಲ್ಲಿ ಹಾರ್ವೆ ಡು ಕ್ರಾಸ್ ಎಂಬ ವರ್ತಕರ ಮಕ್ಕಳೂ ಇದ್ದರು. ತಮ್ಮ ಮಕ್ಕಳನ್ನು ಸೋಲಿಸಿದ್ದು ಸವಾರನ ಕಾಲಬಲವೊಂದೇ ಅಲ್ಲ, ಗಾಲಿಯ ಗಾಳಿಯೂ ಹೌದೆಂಬುದನ್ನು ಆ ಚತುರ ತಂದೆ ಕಂಡುಕೊಂಡರು; ಸೋಲಿಸಿದ ಟೈರನ್ನು ದ್ವೇಷಿಸದೆ, ಅದನ್ನು ತಯಾರಿಸುವ ಕಂಪನಿಯನ್ನು ಡನ್‌ಲಪ್ ಅವರೊಡನೆ ಸೇರಿ ಡಬ್ಲಿನ್ನಿನಲ್ಲಿ ಕಟ್ಟಿದರು.

ಗೆಲುವಿನ ಬೆನ್ನ ಹಿಂದೆಯೇ ಒಂದು ಆಘಾತ ಕಾದಿತ್ತು. ಪೇಟೆಂಟು ದೊರೆತ ಎರಡು ವರ್ಷಗಳಲ್ಲಿ ಅದು ಅಸಿಂಧುವೆಂದು ಡನ್‌ಲಪ್ ಅವರಿಗೆ ತಿಳಿಸಲಾಯಿತು. ರಾಬರ್ಟ್ ವಿಲಿಯಂ ಥಾಮ್ಸನ್ ಎಂಬ ಮತ್ತೊಬ್ಬ ಸ್ಕಾಟ್ಲೆಂಡಿನವರು ನಾಲ್ಕು ದಶಕಗಳ ಹಿಂದೆಯೇ ಇದೇ ಕಲ್ಪನೆಗೆ ಪೇಟೆಂಟು ಪಡೆದಿದ್ದರು. ಅವರ ಕಾಲದಲ್ಲಿ ಸೈಕಲ್ಲು ಬಳಕೆಗೆ ಬಂದಿರಲಿಲ್ಲವಾದ್ದರಿಂದ ಆ ಶೋಧ ಮರೆವಿಗೆ ಸಂದಿತ್ತು. ಡನ್‌ಲಪ್ ಅದನ್ನು ಅರಿಯದೆಯೇ ಮತ್ತೆ ಕಂಡುಹಿಡಿದಿದ್ದರು. ಟೈರನ್ನು ಗಾಲಿಗೆ ಭದ್ರವಾಗಿ ಕೂರಿಸುವ ವಿಧಾನಗಳಿಗೆ ಬೇರೆಯವರು ಪಡೆದಿದ್ದ ಪೇಟೆಂಟುಗಳನ್ನು ಕೊಂಡು ಕಂಪನಿ ಉಳಿದುಕೊಂಡಿತು.

ಅಷ್ಟರಲ್ಲಿ ಪೈಪೋಟಿಯೂ ಹುಟ್ಟಿತು. ಮೊದಮೊದಲ ಡನ್‌ಲಪ್ ಟೈರನ್ನು ಗಾಲಿಗೆ ಅಂಟಿಸುತ್ತಿದ್ದರು. ತೂತು ಬಿದ್ದರೆ ಬಿಚ್ಚಿ, ತೇಪೆ ಹಾಕಿ, ಮತ್ತೆ ಅಂಟಿಸಿ ಒಣಗಿಸಲು ಬಹಳ ಹೊತ್ತು ಬೇಕಾಗುತ್ತಿತ್ತು. ಫ್ರಾನ್ಸಿನ ಕ್ಲೆರ್ಮಾಂಟ್-ಫೆರಾಂದ್ ನಗರದ ಮಿಶೆಲಿನ್ ಸಹೋದರರು ಈ ಕೊರತೆಯನ್ನು ಗಮನಿಸಿ, ಸುಲಭವಾಗಿ ಬಿಚ್ಚಿ ಹಾಕಬಹುದಾದ ಟೈರನ್ನು ರೂಪಿಸಿದರು. 1891ರಲ್ಲಿ ಪ್ಯಾರಿಸ್ಸಿನಿಂದ ಬ್ರೆಸ್ಟ್‌ಗೆ ಹೋಗಿ ಮರಳಿ ಬರುವ ಸುಮಾರು 1200 ಕಿಲೋಮೀಟರುಗಳ ಸೈಕಲ್ ಪಂದ್ಯದಲ್ಲಿ ಶಾರ್ಲ್ ತೆರೋಂ ಎಂಬ ಸವಾರರು ಮಿಶೆಲಿನ್ ಟೈರುಗಳ ಮೇಲೆ ಗೆಲುವನ್ನು ಸಾಧಿಸಿದರು. ವೇಗವಾಗಿ ಓಡಿದರೆ ಸಾಲದು, ಕೆಟ್ಟಾಗ ಬೇಗ ಸರಿಪಡಿಸುವಂತೆಯೂ ಇರಬೇಕೆಂಬ ಪಾಠವನ್ನು ಆ ಪಂದ್ಯ ಕಲಿಸಿತು. ಮಿಶೆಲಿನ್ ಸಹೋದರರು 1895ರಲ್ಲಿ ಪ್ಯಾರಿಸ್–ಬೋರ್ಡೊ ಮೋಟಾರು ಪಂದ್ಯದಲ್ಲಿ ಗಾಳಿಯ ಟೈರಿನ ಕಾರನ್ನು ಓಡಿಸಿದರು. ಮೇಲಿಂದ ಮೇಲೆ ತೂತು ಬಿದ್ದು ಅವರು ಗೆಲ್ಲಲಿಲ್ಲ. ಗಟ್ಟಿ ಟೈರಿನ ಕಾರು ಮುಂದಾಯಿತು. ಆದರೂ ಮುಂದಿನ ಕೆಲವೇ ವರ್ಷಗಳಲ್ಲಿ ಮೋಟಾರುಗಳೆಲ್ಲ ಗಾಳಿಯ ಟೈರಿಗೆ ಒಲಿದವು.

ಡನ್‌ಲಪ್ 1895ರಲ್ಲಿ ಕಂಪನಿಯಿಂದ ನಿವೃತ್ತರಾದರು. ಮರುವರ್ಷ ಆ ಉದ್ಯಮ 30 ಲಕ್ಷ ಪೌಂಡುಗಳಿಗೆ ಮಾರಾಟವಾಯಿತು. ಆ ಅಪಾರ ಸಂಪತ್ತು ಶೋಧಕರ ಪಾಲಿಗೆ ಬರಲಿಲ್ಲ. ಕಂಪನಿ ಅವರ ಹೆಸರನ್ನು ಹೊತ್ತು ಜಗತ್ತನ್ನು ಸುತ್ತಿತು. ಅವರು ಮಾತ್ರ ಡಬ್ಲಿನ್ನಿನಲ್ಲಿ ಶಾಂತವಾಗಿ ಬಾಳಿ, 1921ರ ಅಕ್ಟೋಬರ್ 23ರಂದು ನಿಧನ ಹೊಂದಿದರು. 1936ರಲ್ಲಿ ಬಂಗಾಳದ ಹೂಗ್ಲಿ ದಂಡೆಯ ಸಹಾಗಂಜ್‌ನಲ್ಲಿ ಡನ್‌ಲಪ್ ಹೆಸರಿನ ಟೈರು ಕಾರ್ಖಾನೆ ಆರಂಭವಾಗಿ, ಆ ಹೆಸರು ಭಾರತದ ಹಳ್ಳಿಗಳಿಗೂ ಪರಿಚಿತವಾಯಿತು.

ಅವರು ಬೆಲ್‌ಫಾಸ್ಟಿನಲ್ಲಿ ತೋರಿಸಿಕೊಟ್ಟ ಸತ್ಯ ಅವರ ಕಾಲಾನಂತರವೂ ಸುಳ್ಳಾಗಲಿಲ್ಲ. 1960ರ ದಶಕದ ಮೊದಲ ವರ್ಷಗಳಲ್ಲಿ ಫಾರ್ಮುಲಾ ಒನ್ ಪಂದ್ಯದ ಕಾರುಗಳು ಬಹುಮಟ್ಟಿಗೆ ಡನ್‌ಲಪ್ ಟೈರುಗಳ ಮೇಲೆಯೇ ಓಡಿದವು. ಬಳಿಕ ಬೇರೆ ತಯಾರಕರು ಪೈಪೋಟಿಗಿಳಿದರು; 1970ರ ಪಂದ್ಯಮಾಲೆಯೊಡನೆ ಡನ್‌ಲಪ್ ಕಂಪನಿ ಆ ಕಣದಿಂದ ಹಿಂದೆ ಸರಿಯಿತು. ಮೆದು ರಬ್ಬರು ನೆಲವನ್ನು ಬಿಗಿಯಾಗಿ ಹಿಡಿಯುತ್ತದೆ, ಆದರೆ ಬೇಗ ಸವೆಯುತ್ತದೆ. ಗಟ್ಟಿ ರಬ್ಬರು ಹೆಚ್ಚು ಬಾಳುತ್ತದೆ, ಹಿಡಿತ ಮಾತ್ರ ಕಡಿಮೆ. ಇವೆರಡರ ಹದವನ್ನು ಯಾವ ತಯಾರಕ ಬಲ್ಲನೆಂಬುದರ ಮೇಲೆ ಆಗ ತಂಡದ ಭವಿಷ್ಯ ನಿಲ್ಲುತ್ತಿತ್ತು. ಬ್ರಿಜ್‌ಸ್ಟೋನ್ ಟೈರುಗಳ ಫೆರಾರಿ ತಂಡ 2004ರಲ್ಲಿ 18 ಪಂದ್ಯಗಳಲ್ಲಿ 15ನ್ನು ಗೆದ್ದಿತ್ತು. ಮರುವರ್ಷ ಪಂದ್ಯದ ನಡುವೆ ಟೈರು ಬದಲಿಸಬಾರದೆಂಬ ನಿಯಮ ಬಂದಾಗ 19ರಲ್ಲಿ ಒಂದನ್ನಷ್ಟೇ ಗೆದ್ದಿತು. ಆ ಒಂದು ಗೆಲುವು ಬಂದದ್ದು 2005ರ ಜೂನ್ 19ರಂದು ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ. ಅಂದು ಟೈರುಗಳು ಸುರಕ್ಷಿತವಲ್ಲವೆಂದು ಮಿಶೆಲಿನ್ ಟೈರುಗಳ 14 ಕಾರುಗಳು ಪಂದ್ಯದಿಂದ ಹಿಂದೆ ಸರಿದವು; ಬ್ರಿಜ್‌ಸ್ಟೋನಿನ ಆರು ಕಾರುಗಳು ಮಾತ್ರ ಓಡಿದವು. ಅವುಗಳಲ್ಲಿ ಜೋರ್ಡನ್ ತಂಡದ ಕಾರನ್ನು ನಡೆಸಿದ ಭಾರತದ ನರೈನ್ ಕಾರ್ತಿಕೇಯನ್ ನಾಲ್ಕನೆಯ ಸ್ಥಾನ ಪಡೆದರು. ಇಂಥ ಪೈಪೋಟಿ 2006ರೊಂದಿಗೆ ಮುಗಿಯಿತು. 2007ರಿಂದ ಎಲ್ಲ ತಂಡಗಳಿಗೂ ಒಬ್ಬನೇ ತಯಾರಕ ಟೈರುಗಳನ್ನು ಒದಗಿಸುವ ವ್ಯವಸ್ಥೆ ಬಂದಿತು.

ಯಂತ್ರ ಎಷ್ಟೇ ಬಲಶಾಲಿಯಾಗಿರಲಿ, ಸವಾರ ಎಷ್ಟೇ ನಿಪುಣನಾಗಿರಲಿ, ಅವರ ಶಕ್ತಿಯೆಲ್ಲವೂ ನೆಲಕ್ಕೆ ತಲುಪುವುದು ಟೈರು ನೆಲವನ್ನು ಮುಟ್ಟುವ ಅಂಗೈಯಗಲದ ಜಾಗದಿಂದ. ಕಣ್ಣಿಗೆ ಬೀಳದ ಆ ಜಾಗಕ್ಕೆ ಬೆಲೆಯಿದೆಯೆಂದು ಲೋಕಕ್ಕೆ ಮನವರಿಕೆ ಮಾಡಿಕೊಟ್ಟವರು ಡನ್‌ಲಪ್. ಅವರು ಹಣವನ್ನಾಗಲಿ ಪಂದ್ಯವನ್ನಾಗಲಿ ಬಯಸಿ ಹೊರಟವರಲ್ಲ; ಮಗನೊಬ್ಬನ ನೋವನ್ನು ಕಳೆಯಹೊರಟ ತಂದೆ. ಹತ್ತಿರದ ಕಷ್ಟವೊಂದನ್ನು ಮನಸ್ಸಿಟ್ಟು ಪರಿಹರಿಸಲು ಹೊರಟವರಿಗೆ ದೂರದ ದಾರಿಗಳೂ ತೆರೆದುಕೊಳ್ಳುತ್ತವೆ ಎಂಬುದಕ್ಕೆ ಅವರ ಬಾಳು ಸಾಕ್ಷಿಯಾಗಿದೆ.