ಕಣ್ಣಿಗೆ ಮಸೂರವನ್ನಿತ್ತ ಹೆರಾಲ್ಡ್ ರಿಡ್ಲಿ

ನಮ್ಮ ಕಣ್ಣಿನ ಪಾಪೆಯ ಹಿಂಬದಿಯಲ್ಲಿ ಅವರೆಕಾಳಿನ ಗಾತ್ರದ ಸ್ವಚ್ಛವಾದ ಮಸೂರವೊಂದು ಉಂಟೆಂಬುದನ್ನು ನೀವು ವಿಜ್ಞಾನದ ಪಾಠದಲ್ಲಿ ಓದಿದ್ದೀರಿ. ವಯಸ್ಸಾಗುತ್ತ ಬಂದಂತೆ ಈ ಮಸೂರವು ಮಂಜಾಗಿ, ಬೆಳಕನ್ನು ಒಳಗೆ ಬಿಡದೆ ಹೋಗುವುದುಂಟು. ಇದನ್ನೇ ಜನರು ಕಣ್ಣಿಗೆ ಪೊರೆ ಬಂದಿತೆಂದು ಹೇಳುತ್ತಾರೆ. ಪೊರೆ ಬಂದ ಮಸೂರವನ್ನು ಶಲಾಕೆಯಿಂದ ಬದಿಗೆ ಸರಿಸುವ ವಿದ್ಯೆಯು ನಮ್ಮ ದೇಶದಲ್ಲಿ ಸುಶ್ರುತ ಸಂಹಿತೆಯ ಕಾಲದಿಂದಲೂ ಇದ್ದಿತು. ಫ್ರಾನ್ಸ್ ದೇಶದ ಜಾಕ್ ದಾವಿಯೆಲ್ ಎಂಬ ವೈದ್ಯನು 1747ರಲ್ಲಿ ಕಣ್ಣನ್ನು ಕೊಯ್ದು ಮಸೂರವನ್ನೇ ಹೊರಕ್ಕೆ ತೆಗೆಯುವ ಕ್ರಮವನ್ನು ಆರಂಭಿಸಿದನು. ಅಲ್ಲಿಂದ ಮುಂದೆ ಇನ್ನೂರು ವರ್ಷಗಳ ಕಾಲ ವೈದ್ಯರು ಕೆಟ್ಟ ಮಸೂರವನ್ನು ತೆಗೆದರೇ ಹೊರತು ಅದರ ಸ್ಥಾನದಲ್ಲಿ ಮತ್ತೊಂದನ್ನು ಇಟ್ಟು ಗೆಲ್ಲಲಿಲ್ಲ. ಆ ಕಾರ್ಯವನ್ನು ಮೊದಲು ಸಾಧಿಸಿದವನು ಇಂಗ್ಲೆಂಡಿನ ಹೆರಾಲ್ಡ್ ರಿಡ್ಲಿ.

ಮಸೂರವಿಲ್ಲದ ಕಣ್ಣಿನ ಪಾಡು ಎಂತಹುದೆಂಬುದು ಇಂದಿನ ಮಕ್ಕಳಿಗೆ ತಿಳಿಯದು. ನಮ್ಮ ಬೀಳಗಿಯಲ್ಲಿ ಹುಟ್ಟಿದ ಡಾಕ್ಟರ್ ಎಂ. ಸಿ. ಮೋದಿಯವರು ಊರೂರು ತಿರುಗಿ, ಶಿಬಿರಗಳನ್ನು ನಡೆಸಿ, ಲಕ್ಷಾಂತರ ಬಡವರ ಕಣ್ಣಿನ ಪೊರೆಯನ್ನು ತೆಗೆದ ಪುಣ್ಯಾತ್ಮರು. ಆಂಧ್ರದ ತಿರುಪತಿಯಲ್ಲಿಯೇ 1968ರಲ್ಲಿ ಒಂದೇ ದಿನ 833 ಶಸ್ತ್ರಚಿಕಿತ್ಸೆಗಳನ್ನು ಮಾಡಿದರೆಂಬ ಖ್ಯಾತಿ ಅವರದು. ಆದರೆ ಅಂದು ಹಾಗೆ ಪೊರೆ ತೆಗೆಸಿಕೊಂಡವರು ಸೀಸೆಯ ತಳದಂತೆ ದಪ್ಪನಾದ ಕನ್ನಡಕವನ್ನು ಧರಿಸಿಯೇ ನೋಡಬೇಕಾಗಿತ್ತು. ಆ ಕನ್ನಡಕದಲ್ಲಿ ಕಂಡ ವಸ್ತುವು ಇದ್ದುದಕ್ಕಿಂತ ಕಾಲುಭಾಗದಷ್ಟು ದೊಡ್ಡದಾಗಿ ತೋರುತ್ತಿತ್ತು. ಒಂದೇ ಕಣ್ಣಿಗೆ ಚಿಕಿತ್ಸೆಯಾಗಿದ್ದರಂತೂ ಎರಡು ಕಣ್ಣುಗಳ ನೋಟವು ಒಂದಾಗುತ್ತಲೇ ಇರಲಿಲ್ಲ. ನಮ್ಮ ತಾತನವರು ಕನ್ನಡಕವನ್ನು ಕಳಚಿಟ್ಟ ಮೇಲೆ ಅದನ್ನು ಹುಡುಕಲು ಮೊಮ್ಮಕ್ಕಳನ್ನೇ ಕೂಗಬೇಕಾಗಿತ್ತು. ಇದು ವೈದ್ಯರ ದೋಷವಲ್ಲ. ಆ ಕಾಲಕ್ಕೆ ವಿದ್ಯೆಯು ನಮ್ಮ ಹಳ್ಳಿಗಳಿಗೆ ಬಂದು ಮುಟ್ಟಿದ್ದುದೇ ಅಷ್ಟು.

ರಿಡ್ಲಿಯು 1906ನೆಯ ಇಸವಿ ಜುಲೈ 10ರಂದು ಇಂಗ್ಲೆಂಡಿನ ಲೆಸ್ಟರ್ ಪ್ರಾಂತದ ಕಿಬ್ವರ್ತ್ ಹಾರ್ಕೋರ್ಟ್ ಎಂಬ ಹಳ್ಳಿಯಲ್ಲಿ ಜನಿಸಿದನು. ತಂದೆಯು ಮೊದಲು ನೌಕಾಪಡೆಯಲ್ಲಿ ವೈದ್ಯನಾಗಿದ್ದು, ತರುವಾಯ ಲೆಸ್ಟರ್ ನಗರದಲ್ಲಿ ನೇತ್ರವೈದ್ಯನಾದನು. ತಾಯಿಗೆ ಫ್ಲಾರೆನ್ಸ್ ನೈಟಿಂಗೇಲಳ ಸ್ನೇಹವಿತ್ತು; ಮಗುವಾಗಿದ್ದಾಗ ರಿಡ್ಲಿಯು ಆ ಮಹಾಮಾತೆಯನ್ನು ಕಂಡಿದ್ದನು. ಬಾಲಕನಿಗೆ ಮಾತಿನಲ್ಲಿ ಉಗ್ಗು ಇದ್ದಿತು. ಅದನ್ನು ಮರೆಸಲು ಆತನು ಪ್ರಯತ್ನಪೂರ್ವಕವಾಗಿ ಕಲಿತನಾದರೂ, ಬಹು ಜನರ ಮುಂದೆ ವಾದಿಸುವುದು ಆತನಿಗೆ ಎಂದಿಗೂ ಪ್ರಿಯವಾದ ಕೆಲಸವಾಗಲಿಲ್ಲ. ಮುಂದೆ ಅಂತಹ ಸಂದರ್ಭವೇ ಆತನ ಪಾಲಿಗೆ ಬಂದುದನ್ನು ನೋಡುವೆವು.

ಕೇಂಬ್ರಿಜ್ಜಿನ ಪೆಂಬ್ರೋಕ್ ಕಾಲೇಜಿನಲ್ಲಿಯೂ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿಯೂ ವಿದ್ಯಾಭ್ಯಾಸವನ್ನು ಮುಗಿಸಿ, 1938ರಲ್ಲಿ ಆತನು ಲಂಡನ್ನಿನ ಪ್ರಸಿದ್ಧವಾದ ಮೂರ್‌ಫೀಲ್ಡ್ಸ್ ಕಣ್ಣಿನ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯನಾದನು. ಎರಡನೆಯ ಮಹಾಯುದ್ಧವು ಆತನನ್ನು ಸೈನ್ಯಕ್ಕೆ ಎಳೆಯಿತು. ಆಫ್ರಿಕದ ಗೋಲ್ಡ್ ಕೋಸ್ಟಿನಲ್ಲಿ, ಎಂದರೆ ಈಗಿನ ಘಾನಾ ದೇಶದಲ್ಲಿ, ಹೊಳೆಗಳ ಬದಿಯ ಒಂದು ಬಗೆಯ ನೊಣದಿಂದ ಹರಡಿ ಊರಿಗೆ ಊರನ್ನೇ ಕುರುಡಾಗಿಸುತ್ತಿದ್ದ ರೋಗವನ್ನು ಪರೀಕ್ಷಿಸಿ, ಅದರ ವಿಷಯವಾಗಿ 1945ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದನು. ಭಾರತಕ್ಕೂ ಬರ್ಮಾಕ್ಕೂ ಬಂದು, ಜಪಾನೀಯರ ಸೆರೆಯಲ್ಲಿ ಅನ್ನವಿಲ್ಲದೆ ದೃಷ್ಟಿ ಕುಂದಿದ್ದ ಸೈನಿಕರನ್ನು ನೋಡಿದನು.

ಯುದ್ಧದಲ್ಲಿಯೇ ನಡೆದ ಇನ್ನೊಂದು ಪ್ರಸಂಗವು ಆತನ ಜೀವನದ ದಿಕ್ಕನ್ನು ತಿರುಗಿಸಿತು. 1940ರ ಆಗಸ್ಟಿನಲ್ಲಿ ಬ್ರಿಟನ್ನಿನ ಆಕಾಶದಲ್ಲಿ ಜರ್ಮನರೊಡನೆ ಕಾದಾಡುತ್ತಿದ್ದ ಗಾರ್ಡನ್ ಕ್ಲೀವರ್ ಎಂಬ ವಿಮಾನ ಚಾಲಕನು ಆ ದಿನ ಕಣ್ಣಿಗೆ ರಕ್ಷಣೆಯ ಕನ್ನಡಕವನ್ನು ಹಾಕಿರಲಿಲ್ಲ. ಶತ್ರುವಿನ ಗುಂಡು ತಗುಲಿ, ಆತನ ತಲೆಯ ಮೇಲಿದ್ದ ಪಾರದರ್ಶಕ ಮುಚ್ಚಳವು ಸಿಡಿದು, ಅದರ ಚೂರುಗಳು ಎರಡು ಕಣ್ಣುಗಳಲ್ಲಿಯೂ ನಾಟಿದವು. ಒಂದು ಕಣ್ಣು ಹೋಯಿತು. ಮತ್ತೊಂದನ್ನು ಉಳಿಸಲು ಹಲವಾರು ಶಸ್ತ್ರಚಿಕಿತ್ಸೆಗಳಾದವು. ಅವುಗಳಲ್ಲಿ ರಿಡ್ಲಿಯ ಕೈಯೂ ಇದ್ದಿತು. ಪರಕೀಯ ವಸ್ತುವೊಂದು ಕಣ್ಣನ್ನು ಹೊಕ್ಕರೆ ಕಣ್ಣು ಕೆಂಪೇರಿ ಕೀವುಗಟ್ಟುವುದು ಸಹಜ. ಈ ಚೂರುಗಳಾದರೋ ವರ್ಷಗಳ ಪರ್ಯಂತ ಒಳಗೇ ಉಳಿದಿದ್ದರೂ ಕಣ್ಣು ಶಾಂತವಾಗಿಯೇ ಇದ್ದಿತು. ಮುಚ್ಚಳವನ್ನು ಮಾಡಿದ್ದುದು ಗಾಜಿನಿಂದಲ್ಲ, ಪರ್‌ಸ್ಪೆಕ್ಸ್ ಎಂಬ ಪ್ಲಾಸ್ಟಿಕ್ಕಿನಿಂದ. ಇದನ್ನು ಕಂಡ ವೈದ್ಯರು ರಿಡ್ಲಿಯೊಬ್ಬನೇ ಆಗಿರಲಾರರು. ಆದರೆ ಕಂಡುದನ್ನು ಮನಸ್ಸಿನಲ್ಲಿಟ್ಟುಕೊಂಡು ಕಾದವನು ಆತನೇ.

ಯುದ್ಧವು ಮುಗಿದ ಬಳಿಕ ಒಂದು ದಿನ ರಿಡ್ಲಿಯು ಪೊರೆ ತೆಗೆಯುವುದನ್ನು ಒಬ್ಬ ವಿದ್ಯಾರ್ಥಿಯು ಹತ್ತಿರ ನಿಂತು ನೋಡುತ್ತಿದ್ದನು. ಕೆಟ್ಟ ಮಸೂರವನ್ನು ತೆಗೆದ ಮೇಲೆ ಬದಲಿಯನ್ನು ಹಾಕದೆ ಬಿಡುವರಲ್ಲಾ ಎಂದು ಆ ಹುಡುಗನು ಸರಳವಾಗಿ ಆಶ್ಚರ್ಯಪಟ್ಟನು. ರಿಡ್ಲಿಯ ಮನಸ್ಸಿನಲ್ಲಿ ಮೊದಲೇ ಇದ್ದ ಯೋಚನೆಗೆ ಇದರಿಂದ ಚಾಲನೆ ದೊರೆಯಿತು. ಆತನು ರೇನರ್ ಎಂಬ ಕನ್ನಡಕದ ಸಂಸ್ಥೆಯಲ್ಲಿದ್ದ ಜಾನ್ ಪೈಕ್ ಎಂಬ ದೃಗ್ವಿಜ್ಞಾನಿಯನ್ನು ಕರೆದು, ಲಂಡನ್ನಿನ ಕ್ಯಾವೆಂಡಿಷ್ ಚೌಕದಲ್ಲಿ ನಿಲ್ಲಿಸಿದ್ದ ತನ್ನ ಕಾರಿನಲ್ಲಿ ಕುಳಿತು, ಯಾರಿಗೂ ಕೇಳಿಸದಂತೆ ತನ್ನ ಯೋಜನೆಯನ್ನು ವಿವರಿಸಿದನು. ವೈದ್ಯಕ್ಕೆ ತಕ್ಕಷ್ಟು ಶುದ್ಧವಾದ ಪರ್‌ಸ್ಪೆಕ್ಸನ್ನು ತಯಾರಿಸಿಕೊಡಲು ರಾಸಾಯನಿಕ ಕಂಪೆನಿಯೊಂದು ಒಪ್ಪಿತು. ರಿಡ್ಲಿಯು ಹಕ್ಕುಪತ್ರವನ್ನು ಪಡೆಯಲಿಲ್ಲ. ಮಸೂರಗಳಿಂದ ತನಗೆ ಹಣ ಬರಬೇಕೆಂದು ಕೇಳಲೂ ಇಲ್ಲ.

ಇಲ್ಲಿ ಸ್ವಲ್ಪ ನಿಂತು ನೋಡತಕ್ಕ ವಿಷಯವೊಂದುಂಟು. ಸಿಪ್ಪೆ ಸುಲಿದು ನೆನೆಹಾಕಿದ ಹುಣಸೆಬೀಜವನ್ನು ಚಿಮಟದಿಂದ ಹಿಡಿದು, ಒಂದು ಕಿರಿದಾದ ಬಾಯಿಯ ಸೀಸೆಯೊಳಗೆ ಗೋಡೆಗೆ ತಾಗದಂತೆ ಇಳಿಸಲು ಯತ್ನಿಸಿರಿ. ಸಡಿಲವಾಗಿ ಹಿಡಿದರೆ ಜಾರುವುದು; ಬಿಗಿಯಾಗಿ ಹಿಡಿದರೆ ಚಿಮ್ಮಿ ಹೋಗುವುದು. ರಿಡ್ಲಿಯ ಮುಂದಿದ್ದ ಕಷ್ಟವು ಇದೇ, ಆದರೆ ನೂರ್ಮಡಿ ಹೆಚ್ಚಿನದು. ಮಸೂರದ ಅಗಲವು ಎಂಟು ಮಿಲಿಮೀಟರಿಗಿಂತ ತುಸು ಹೆಚ್ಚು. ಎರಡು ಮುಖಗಳೂ ಉಬ್ಬಿ ನುಣುಪಾಗಿದ್ದುವು. ಅದನ್ನು ಬೆರಳಿನಿಂದ ಮುಟ್ಟುವಂತಿಲ್ಲ. ಹಲ್ಲುಳ್ಳ ಚಿಮಟದಿಂದ ಹಿಡಿದರೆ ಮೈಮೇಲೆ ಗೀರು ಬೀಳುವುದು. ಗೀರು ಬಿದ್ದ ಮಸೂರವು ರೋಗಿಗೆ ಜೀವಮಾನವೆಲ್ಲ ಮಸುಕನ್ನೇ ತೋರಿಸುವುದು. ಕಣ್ಣಿನ ಮುಂಭಾಗದಲ್ಲಿ ಗಡಿಯಾರದ ಗಾಜಿನಂತಿರುವ ಕಾರ್ನಿಯಾದ ಒಳಮೈಗೆ ಅದು ತಾಗಲೂ ಬಾರದು. ಅಲ್ಲಿನ ಜೀವಕೋಶಗಳು ಒಮ್ಮೆ ಹೋದರೆ ಮತ್ತೆ ಹುಟ್ಟುವುದಿಲ್ಲ. ಈ ಕಾರಣದಿಂದ ಮಸೂರದ ಅಂಚಿನ ಬಳಿ ಸುತ್ತಲೂ ಸೂಕ್ಷ್ಮವಾದ ಒಂದು ತೋಡನ್ನು ಕೊರೆಯಿಸಲಾಯಿತು. ವೈದ್ಯರು ಫೋರ್ಸೆಪ್ಸ್ ಎಂದು ಕರೆಯುವ ಚಿಮಟದ ತುದಿಯು ಆ ತೋಡಿನಲ್ಲಿ ಕುಳಿತರೆ, ನೋಟಕ್ಕೆ ಬೇಕಾದ ನಡುಭಾಗವನ್ನು ಮುಟ್ಟದೆಯೇ ಮಸೂರವನ್ನು ಹಿಡಿಯಬಹುದಾಗಿತ್ತು. ಮಾಡಬೇಕಾದ ವಸ್ತುವನ್ನು ಮಾತ್ರವಲ್ಲದೆ, ಅದನ್ನು ಹಿಡಿಯುವ ಉಪಕರಣವನ್ನೂ ಆ ಉಪಕರಣವನ್ನು ಹಿಡಿಯುವ ಕೈಯನ್ನೂ ಒಟ್ಟಿಗೆ ಯೋಚಿಸಿದುದು ಈ ಒಂದು ಗೆರೆಯಿಂದ ತಿಳಿಯುತ್ತದೆ. ರಿಡ್ಲಿಯ ಬುದ್ಧಿಶಕ್ತಿಗೆ ನಾನು ಇದಕ್ಕಿಂತ ದೊಡ್ಡ ಸಾಕ್ಷಿಯನ್ನು ಕೇಳೆನು. ನಿಮ್ಮಲ್ಲಿ ಅನೇಕರ ತಂದೆಯವರು ಅಚ್ಯುತಾಪುರದ ಕಾರ್ಖಾನೆಗಳಲ್ಲಿ ಕೆಲಸ ಮಾಡುವವರು. ಹಿಡಿತಕ್ಕೆ ಬಾರದ ವಸ್ತುವು ಎಷ್ಟು ಚೆನ್ನಾಗಿದ್ದರೂ ವ್ಯರ್ಥವೆಂಬುದನ್ನು ಅವರು ನಿಮಗೆ ಇನ್ನೂ ಚೆನ್ನಾಗಿ ವಿವರಿಸಬಲ್ಲರು.

1949ರ ನವೆಂಬರ್ 29ರಂದು ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ 45 ವರ್ಷದ ಒಬ್ಬ ಮಹಿಳೆಯ ಕಣ್ಣಿನೊಳಗೆ ಮೊದಲ ಬಾರಿಗೆ ಕೃತಕ ಮಸೂರವನ್ನು ಇರಿಸಲಾಯಿತು. ಅದನ್ನು ಶಾಶ್ವತವಾಗಿ ಒಳಗೇ ಬಿಟ್ಟುದು 1950ರ ಫೆಬ್ರವರಿ 8ರಂದು. ಮಸೂರವು ಸ್ಥಳದಲ್ಲಿ ನಿಂತಿತು, ಕಣ್ಣು ಅದನ್ನು ಸಹಿಸಿಕೊಂಡಿತು. ಆದರೆ ಲೆಕ್ಕವು ತಪ್ಪಿತ್ತು. ಮಾನವನ ಮಸೂರದ ಉಬ್ಬನ್ನೇ ಅನುಸರಿಸಿ ಕೃತಕ ಮಸೂರವನ್ನು ರೂಪಿಸಿದ್ದರು. ಪರ್‌ಸ್ಪೆಕ್ಸಾದರೋ ಬೆಳಕನ್ನು ಸಹಜವಾದ ಮಸೂರಕ್ಕಿಂತ ಹೆಚ್ಚಾಗಿ ಬಾಗಿಸುವ ವಸ್ತು. ಇದರಿಂದ ರೋಗಿಗೆ 18 ಡಯಾಪ್ಟರಿನಷ್ಟು ತೀವ್ರವಾದ ಸಮೀಪದೃಷ್ಟಿಯು ಉಂಟಾಯಿತು. ಮುಂದಿನ ಮಸೂರಗಳಲ್ಲಿ ಉಬ್ಬನ್ನು ಕಡಿಮೆ ಮಾಡಿ ಈ ದೋಷವನ್ನು ತಿದ್ದಿದರು.

ಎರಡು ವರ್ಷಗಳಾದರೂ ರೋಗಿಗಳನ್ನು ನೋಡಿಕೊಂಡು ಆಮೇಲೆ ಲೋಕಕ್ಕೆ ತಿಳಿಸಬೇಕೆಂಬುದು ರಿಡ್ಲಿಯ ಸಂಕಲ್ಪವಾಗಿತ್ತು. ಆದರೆ ವಿಧಿಯ ವಿನೋದವನ್ನು ನೋಡಿರಿ. ಲಂಡನ್ನಿನಲ್ಲಿ ರಿಡ್ಲಿ ಎಂಬ ಹೆಸರಿನ ಮತ್ತೊಬ್ಬ ನೇತ್ರವೈದ್ಯನಿದ್ದನು. ಮಸೂರವನ್ನು ಹಾಕಿಸಿಕೊಂಡ ರೋಗಿಯೊಬ್ಬನು ಹೆಸರಿನ ಗೊಂದಲದಿಂದ ಅವನ ಬಳಿಗೆ ಹೋದುದರಿಂದ ಗುಟ್ಟು ಬಯಲಾಯಿತು! ಆದುದರಿಂದ 1951ರ ಜುಲೈ 9ರಂದು ಆಕ್ಸ್‌ಫರ್ಡಿನಲ್ಲಿ ನಡೆದ ನೇತ್ರವೈದ್ಯರ ಸಮ್ಮೇಳನದಲ್ಲಿ ರಿಡ್ಲಿಯು ತನ್ನ ಕೆಲಸವನ್ನು ಪ್ರಕಟಪಡಿಸಿದನು. ಎಲ್ಲರೂ ಪರೀಕ್ಷಿಸಲೆಂದು ರೋಗಿಗಳನ್ನೂ ಕರೆತಂದಿದ್ದನು. ಅಂದು ಇಂಗ್ಲೆಂಡಿನ ನೇತ್ರವೈದ್ಯರಲ್ಲಿ ಅಗ್ರಗಣ್ಯನೆನಿಸಿದ್ದ ಸರ್ ಸ್ಟ್ಯೂವರ್ಟ್ ಡ್ಯೂಕ್ ಎಲ್ಡರನು ಆ ರೋಗಿಗಳ ಕಣ್ಣನ್ನು ನೋಡಲೂ ಒಪ್ಪಲಿಲ್ಲ. ಮುಂದಿನ ವರ್ಷ ಅಮೆರಿಕದ ಷಿಕಾಗೋ ನಗರದಲ್ಲಿಯೂ ರಿಡ್ಲಿಗೆ ಕಠಿಣವಾದ ಟೀಕೆಯೇ ದೊರೆಯಿತು. ಕಣ್ಣಿನಿಂದ ಪರಕೀಯ ವಸ್ತುಗಳನ್ನು ತೆಗೆಯುವುದು ವೈದ್ಯನ ಧರ್ಮವಾಗಿರುವಾಗ, ಬೇಕೆಂದೇ ಒಂದನ್ನು ಒಳಗಿಡುವುದು ಸಾಹಸವಲ್ಲ, ಅವಿವೇಕವೆಂಬುದು ಹಲವರ ಮತವಾಗಿತ್ತು.

ನ್ಯಾಯವಾಗಿ ಹೇಳುವುದಾದರೆ, ಟೀಕಿಸಿದವರೆಲ್ಲರೂ ಅಸೂಯೆಯಿಂದಲೇ ಟೀಕಿಸಿದರೆನ್ನಲಾಗದು. ಹನ್ನೆರಡು ವರ್ಷಗಳಲ್ಲಿ ಸುಮಾರು ಒಂದು ಸಾವಿರ ರಿಡ್ಲಿ ಮಸೂರಗಳನ್ನು ಹಾಕಲಾಯಿತು. ಅವುಗಳಲ್ಲಿ ನೂರಕ್ಕೆ ಹದಿನೈದರಷ್ಟನ್ನು ಮತ್ತೆ ಹೊರತೆಗೆಯಬೇಕಾಯಿತು. ಮಸೂರವು ಗಾಳಿಯಲ್ಲಿ 112 ಮಿಲಿಗ್ರಾಂ ತೂಗುತ್ತಿತ್ತು. ಅದನ್ನು ಹಿಡಿದು ನಿಲ್ಲಿಸಲು ಬೇರೆ ಆಧಾರವಿರಲಿಲ್ಲವಾದುದರಿಂದ ಕೆಲವರ ಕಣ್ಣಿನಲ್ಲಿ ಅದು ಸ್ಥಾನ ತಪ್ಪಿ, ಹಿಂಬದಿಯ ಲೋಳೆಯೊಳಕ್ಕೆ ಜಾರಿತು. ಮಸೂರವನ್ನು ಶುದ್ಧಿಗೊಳಿಸಲು ಬಳಸಿದ ದ್ರಾವಣದ ಅಂಶವು ಅದರ ಮೇಲೆ ಉಳಿದು ಉರಿಯೂತವನ್ನು ಉಂಟುಮಾಡುತ್ತಿತ್ತೆಂಬುದು ತಡವಾಗಿ ತಿಳಿದುಬಂದಿತು. ದೋಷವು ಮೂಲ ಕಲ್ಪನೆಯಲ್ಲಿರಲಿಲ್ಲ. ತೂಕದಲ್ಲಿ, ಆಧಾರದಲ್ಲಿ, ಶುದ್ಧಿಯಲ್ಲಿ ಇದ್ದಿತು. ಆದರೆ ಕಣ್ಣನ್ನು ಕಳೆದುಕೊಂಡ ರೋಗಿಗೆ ಈ ವಿವೇಚನೆಯಿಂದೇನು ಸಮಾಧಾನ? ರಿಡ್ಲಿಯೂ ಇದನ್ನು ಬಲ್ಲವನೇ ಆಗಿದ್ದನು. ತಾನು ರೂಪಿಸಿದ ಮಸೂರವನ್ನು ಹಾಕುವುದನ್ನು ಆತನು ಕ್ರಮೇಣ ನಿಲ್ಲಿಸಿದನು.

ಆತನು ಹಚ್ಚಿದ ದೀಪವನ್ನು ಇತರರು ಕೈಗೆತ್ತಿಕೊಂಡರು. ಇಟಲಿಯ ಸ್ಟ್ರಾಂಪೆಲ್ಲಿ, ಹಾಲೆಂಡಿನ ಬಿಂಕ್‌ಹೋರ್ಸ್ಟ್, ಇಂಗ್ಲೆಂಡಿನ ಪೀಟರ್ ಚಾಯ್ಸ್ ಮೊದಲಾದವರು ಮಸೂರಕ್ಕೆ ಹಗುರವಾದ ಕಾಲುಗಳನ್ನೂ ಕೊಂಡಿಗಳನ್ನೂ ಕೊಟ್ಟು ಬೇರೆ ಬೇರೆ ವಿಧಾನಗಳನ್ನು ಪರೀಕ್ಷಿಸಿದರು. 1966ರಲ್ಲಿ ಚಾಯ್ಸನೂ ರಿಡ್ಲಿಯೂ ಕೂಡಿ, ಈ ಕೆಲಸದಲ್ಲಿ ತೊಡಗಿದ ಕೆಲವೇ ವೈದ್ಯರ ಒಂದು ಸಂಘವನ್ನು ಕಟ್ಟಿದರು. 1971ರಲ್ಲಿ ರಿಡ್ಲಿಯು ಆಸ್ಪತ್ರೆಯ ಸೇವೆಯಿಂದ ನಿವೃತ್ತನಾಗಿ, ಹಳ್ಳಿಯ ಮನೆಯಲ್ಲಿ ಹೊಳೆಯ ಮೀನು ಹಿಡಿಯುತ್ತ ಕಾಲ ಕಳೆಯತೊಡಗಿದನು. ಆಗ ಆತನ ಹೆಸರನ್ನು ಎತ್ತುವವರು ವಿರಳರಾಗಿದ್ದರು.

ಮಸೂರವು ಬದಲಾದಂತೆ ಚಿಮಟವೂ ಬದಲಾಯಿತು. ಸೂಕ್ಷ್ಮದರ್ಶಕದ ಕೆಳಗೆ ಕೈಯ ನೆರಳು ಬೀಳದಂತೆ ಅದರ ಮೊನೆಯನ್ನು ಓರೆಯಾಗಿ ಬಾಗಿಸಿದರು. ಹಲ್ಲುಗಳನ್ನು ತೆಗೆದು ತುದಿಯನ್ನು ನಯಗೊಳಿಸಿದರು. ದೀಪದ ಬೆಳಕು ಪ್ರತಿಫಲಿಸಿ ವೈದ್ಯನ ಕಣ್ಣನ್ನು ಕುಕ್ಕದಂತೆ ಹಿಡಿಯ ಹೊಳಪನ್ನು ತಗ್ಗಿಸಿದರು. ಉಕ್ಕಿನ ಬದಲು ಹಗುರವಾದ ಟೈಟೇನಿಯಮ್ಮನ್ನೂ ಬಳಸಿದರು. 1980ರ ದಶಕದಲ್ಲಿ ಮಡಚಬಹುದಾದ ಮೃದುವಾದ ಮಸೂರಗಳು ಬಂದಾಗ, ಅವುಗಳನ್ನು ದೋಸೆಯಂತೆ ಮಡಚಿ ಹಿಡಿಯುವ ಬೇರೆ ಚಿಮಟಗಳು ಬೇಕಾದವು. ಈಗ ಎರಡು ಮೂರು ಮಿಲಿಮೀಟರಿನ ರಂಧ್ರದಲ್ಲಿ ಮಸೂರವನ್ನು ಸುರುಳಿ ಸುತ್ತಿ ಪಿಚಕಾರಿಯಂತಹ ಸಾಧನದಿಂದ ಒಳಗೆ ಬಿಡುತ್ತಾರೆ. ನಮ್ಮ ದೇಶದ ಮಧುರೆಯಲ್ಲಿ 1992ರಲ್ಲಿ ಆರಂಭವಾದ ಆರೋಲ್ಯಾಬ್ ಸಂಸ್ಥೆಯು ಮಸೂರಗಳನ್ನು ಬಡವರಿಗೆ ನಿಲುಕುವ ಬೆಲೆಗೆ ತಯಾರಿಸಿಕೊಟ್ಟಿತು. ನಾವಿರುವ ವಿಶಾಖಪಟ್ಟಣದಲ್ಲಿಯೂ ಅತ್ತ ವಿಜಯವಾಡದಲ್ಲಿಯೂ ಎಲ್. ವಿ. ಪ್ರಸಾದ್ ನೇತ್ರ ಸಂಸ್ಥೆಯ ಆಸ್ಪತ್ರೆಗಳಿವೆ. ವೈದ್ಯಕೀಯ ಉಪಕರಣಗಳ ತಯಾರಿಕೆಗೆಂದೇ ಒಂದು ಕೈಗಾರಿಕಾ ವಲಯವೂ ವಿಶಾಖಪಟ್ಟಣದಲ್ಲಿ ಎದ್ದಿದೆ. ಬೆಳಗ್ಗೆ ಪೊರೆ ತೆಗೆಸಿಕೊಂಡು ಸಂಜೆಗೆ ಮನೆಗೆ ಬರುವ ಅಜ್ಜ ಅಜ್ಜಿಯರನ್ನು ನೀವೇ ನೋಡಿರುವಿರಿ.

ಮನ್ನಣೆಯು ರಿಡ್ಲಿಗೆ ಮುಪ್ಪಿನಲ್ಲಿ ಬಂದಿತು. 1981ರಲ್ಲಿ ಅಮೆರಿಕದ ಸರ್ಕಾರವು ಕಣ್ಣಿನೊಳಗಿನ ಮಸೂರಕ್ಕೆ ಅನುಮತಿಯನ್ನಿತ್ತಿತು. 1986ರಲ್ಲಿ, ಎಂಬತ್ತರ ವಯಸ್ಸಿನಲ್ಲಿ, ಆತನು ರಾಯಲ್ ಸೊಸೈಟಿಯ ಫೆಲೋ ಆದನು. ಮರುವರ್ಷವೇ ವಿಮಾನ ಚಾಲಕ ಕ್ಲೀವರನ ಉಳಿದಿದ್ದ ಒಂದು ಕಣ್ಣಿಗೂ ಪೊರೆ ಬಂದು, ಮತ್ತೊಬ್ಬ ವೈದ್ಯನು ಅದರಲ್ಲಿ ಕೃತಕ ಮಸೂರವನ್ನು ಇರಿಸಿದನು. 2000ದಲ್ಲಿ ಇಂಗ್ಲೆಂಡಿನ ರಾಣಿಯು ರಿಡ್ಲಿಗೆ ಸರ್ ಪದವಿಯನ್ನು ಕೊಟ್ಟಳು. ಅದಕ್ಕೆ ಹಲವು ವರ್ಷ ಮೊದಲೇ ಆತನ ಕಣ್ಣುಗಳಿಗೂ ಪೊರೆ ಬಂದಿತ್ತು. ತಾನು ಮೊದಲ ಶಸ್ತ್ರಚಿಕಿತ್ಸೆಯನ್ನು ನಡೆಸಿದ ಸೇಂಟ್ ಥಾಮಸ್ ಆಸ್ಪತ್ರೆಗೇ ಹೋಗಿ ಆತನು ಎರಡು ಕಣ್ಣುಗಳಿಗೂ ಮಸೂರವನ್ನು ಹಾಕಿಸಿಕೊಂಡನು. 2001ರ ಮೇ 25ರಂದು, ತೊಂಬತ್ತನಾಲ್ಕನೆಯ ವಯಸ್ಸಿನಲ್ಲಿ, ಹೆರಾಲ್ಡ್ ರಿಡ್ಲಿಯು ಕಾಲವಾದನು.