ನೇಗಿಲಿನಿಂದ ಇಂಜಿನ್‌ವರೆಗೆ: ಲಕ್ಷ್ಮಣರಾವ್ ಕಿರ್ಲೋಸ್ಕರ್

ನಮ್ಮ ಖಟಕ ಚಿಂಚೋಳಿ ಹೊಲಗಳಾಗ ಕರೆಂಟ್ ಹೋದಾಗ ದುಬ್ ದುಬ್ ಅಂತ ಸಪ್ಪಳ ಕೇಳ್ತದಲ್ಲ, ಅದು ಡೀಸೆಲ್ ಇಂಜಿನ್. ಅಂಥ ಇಂಜಿನ್ ಮೇಲೆ, ಪಂಪಿನ ಮೇಲೆ ಕಿರ್ಲೋಸ್ಕರ್ ಅಂತ ಬರೆದದ್ದು ನೀವು ನೋಡಿರಬಹುದು. ನಾನು ಸಣ್ಣವನಿದ್ದಾಗ ಕಿರ್ಲೋಸ್ಕರ್ ಅಂದ್ರೆ ಇಂಜಿನ್‌ಗೇ ಇನ್ನೊಂದು ಹೆಸರು ಅಂತ ತಿಳಿದಿದ್ದೆ. ಆದರೆ ಅದು ಒಂದು ಮನೆತನದ ಅಡ್ಡಹೆಸರು. ಆ ಹೆಸರು ಮನೆಮನೆಗೆ ಗೊತ್ತಾಗುವಂತೆ ಮಾಡಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ನಮ್ಮ ಕರ್ನಾಟಕದ ನೆಲದಲ್ಲಿಯೇ ಹುಟ್ಟಿದವರು.

ಅವರು 1869ನೇ ಇಸವಿ ಜೂನ್ 20ರಂದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಜನಿಸಿದರು. ತಂದೆ ಕಾಶಿನಾಥಪಂತರು ವೇದಾಂತ ಪಂಡಿತರು. ಮಗನೂ ತನ್ನಂತೆ ಆಗಲಿ ಎಂದು ಅವರ ಆಸೆ. ಆದರೆ ಲಕ್ಷ್ಮಣನಿಗೆ ಪಾಠ ಅಂದ್ರೆ ಬೇಸರ, ಚಿತ್ರ ಮತ್ತು ಯಂತ್ರ ಅಂದ್ರೆ ಜೀವ. (ನಮ್ಮ ವರ್ಗದಾಗೂ ಇಂಥವರು ಇಬ್ಬರು ಅದಾರ, ಹೆಸರು ಹೇಳೋದಿಲ್ಲ.) ಅಣ್ಣ ರಾಮುಅಣ್ಣ ಖರ್ಚು ಕೊಟ್ಟು 1885ರಲ್ಲಿ ಮುಂಬಯಿಯ ಜೆ.ಜೆ. ಕಲಾಶಾಲೆಗೆ ಕಳಿಸಿದರು. ಎರಡು ವರ್ಷ ಆದ ಮೇಲೆ ಲಕ್ಷ್ಮಣರಾಯರಿಗೆ ಕೆಲವು ಬಣ್ಣಗಳ ಭೇದ ತಿಳಿಯೋದಿಲ್ಲ ಎಂಬುದು ಗೊತ್ತಾಯಿತು. ಬಣ್ಣವೇ ಕಾಣದಿದ್ದರೆ ಚಿತ್ರಕಾರ ಆಗೋದು ಹೆಂಗ? ಆಗ ಅವರು ಬಣ್ಣ ಬಿಟ್ಟು ಗೆರೆ ಹಿಡಿದರು. ಅಂದರೆ ಯಂತ್ರಗಳ ನಕ್ಷೆ ತೆಗೆಯುವ ವಿದ್ಯೆ ಕಲಿತರು. ಮುಂಬಯಿಯ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಶಾಲೆಯಲ್ಲಿ ಮಾಸ್ತರರೂ ಆದರು.

1888ರಲ್ಲಿ ಅಣ್ಣತಮ್ಮಂದಿರು ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದರು. ತಮ್ಮ ಮುಂಬಯಿಯಿಂದ ಸೈಕಲ್ ಕಳಿಸೋದು, ಅಣ್ಣ ಇಲ್ಲಿ ಮಾರೋದು. ಮಾರಿದ ಮೇಲೆ ರಿಪೇರಿನೂ ಅವರದೇ, ಸವಾರಿ ಕಲಿಸೋದೂ ಅವರೇ. ಮುಂದೆ ಶಾಲೆಯಲ್ಲಿ ತನಗೆ ಬರಬೇಕಾದ ಬಡ್ತಿ ಬೇರೆಯವರಿಗೆ ಹೋದಾಗ ಲಕ್ಷ್ಮಣರಾಯರು ನೌಕರಿಗೆ ರಾಜೀನಾಮೆ ಕೊಟ್ಟು ಬೆಳಗಾವಿಗೇ ಬಂದುಬಿಟ್ಟರು. ಅಲ್ಲಿ ಇಂದಿಗೂ ಕಿರ್ಲೋಸ್ಕರ್ ರಸ್ತೆ ಇದೆ.

ಸೈಕಲ್ ಆದ ಮೇಲೆ ಮೇವು ಕತ್ತರಿಸುವ ಯಂತ್ರ ಮಾಡಿದರು, ನಂತರ ಕಬ್ಬಿಣದ ನೇಗಿಲು. ಆಗ ಎಲ್ಲರ ಹೊಲದಲ್ಲಿ ಕಟ್ಟಿಗೆ ನೇಗಿಲು ಇತ್ತು. ಕಟ್ಟಿಗೆಯದು ನೆಲವನ್ನು ಗೀರುತ್ತದೆ, ಮಣ್ಣನ್ನು ಹೊರಳಿಸೋದಿಲ್ಲ. ಸವೆದರೆ, ಸೀಳಿದರೆ ಮತ್ತೆ ಬಡಿಗೇರ ಮನೆಗೆ ಹೋಗಬೇಕು. ಆದರೆ ಒಂದು ಮಾತು, ಬಡಿಗೇರ ಊರಾಗೇ ಇರ್ತಾನ, ಕಾಳು ಕೊಟ್ಟರೂ ಕೆಲಸ ಮಾಡ್ತಾನ. ಕಬ್ಬಿಣದ್ದಕ್ಕೆ ರೊಕ್ಕ ಬೇಕು. ಅಷ್ಟೇ ಅಲ್ಲ, ಕಬ್ಬಿಣ ತಾಗಿದರೆ ಭೂಮಿತಾಯಿಗೆ ವಿಷ ಏರ್ತದ ಅಂತ ರೈತರು ಹೆದರಿದರು. ಮೊದಲ ನೇಗಿಲು ಮಾರಲು ಎರಡು ವರ್ಷ ಹಿಡಿಯಿತು! ಎರಡು ವರ್ಷ ಅಂದ್ರೆ ನಾವು ಐದನೇದರಿಂದ ಏಳನೇದಕ್ಕೆ ಬಂದಷ್ಟು. ನಾನಾಗಿದ್ದರೆ ಬಿಟ್ಟುಬಿಡ್ತಿದ್ದೆ.

ನೇಗಿಲು ಮಾರಾಟ ಆಗುವ ಹೊತ್ತಿಗೆ ಬೆಳಗಾವಿಯ ಜಾಗ ಬಿಡಬೇಕಾಯಿತು. ಆಗ ಔಂಧ್ ಸಂಸ್ಥಾನದ ರಾಜರು 10,000 ರೂಪಾಯಿ ಸಾಲ ಕೊಟ್ಟು, ತಮ್ಮ ರಾಜ್ಯದಲ್ಲಿ 32 ಎಕರೆ ಜಾಗಕ್ಕೆ ದಾರಿ ಮಾಡಿದರು. ಅದು ಕುಂಡಲ್ ರೋಡ್ ರೈಲು ನಿಲ್ದಾಣದ ಹತ್ತಿರ. ಬರೀ ಪಾಪಾಸುಕಳ್ಳಿ, ನಾಗರಹಾವು. 1910ರಲ್ಲಿ ಅಲ್ಲಿ ಕಾರ್ಖಾನೆ, ಮನೆ ಎಲ್ಲ ಕಟ್ಟಿದರು. ಅದೇ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಕಿರ್ಲೋಸ್ಕರ್‌ವಾಡಿ. ಅಲ್ಲಿ ಮುಟ್ಟುಚಟ್ಟು ನಡೆಯಬಾರದು ಎಂದು ಅವರು ನಿಷೇಧ ಮಾಡಿದ್ದರು. ಜೈಲಿಗೆ ಹೋಗಿ ಬಂದವರನ್ನು ಕಾವಲಿಗೆ ಇಟ್ಟಿದ್ದರು. ನನಗೆ ಎಲ್ಲಕ್ಕಿಂತ ಹೆಚ್ಚು ಸೇರಿದ್ದು ಇದೇ.

ಇಂಜಿನ್ ಕಾರ್ಖಾನೆಯನ್ನು ನಡೆಸಿದವರು ಲಕ್ಷ್ಮಣರಾಯರಲ್ಲ, ಅವರ ಮಗ ಶಂತನುರಾಯರು. ಅವರು ಅಮೇರಿಕಾದಲ್ಲಿ ಇಂಜಿನಿಯರಿಂಗ್ ಓದಿ ಬಂದವರು. 1941ರಲ್ಲಿ ನಮ್ಮ ಹರಿಹರದಲ್ಲಿ ಲೇತ್ ಯಂತ್ರಗಳ ಕಾರ್ಖಾನೆ ಶುರುವಾಯಿತು. 1946ರಲ್ಲಿ ಪುಣೆಯಲ್ಲಿ ಆಯಿಲ್ ಇಂಜಿನ್, ಅದೇ ವರ್ಷ ಬೆಂಗಳೂರಿನಲ್ಲಿ ಕರೆಂಟ್ ಮೋಟಾರ್. ಆಗ ಲಕ್ಷ್ಮಣರಾಯರಿಗೆ 77 ವರ್ಷ.

ಇಲ್ಲಿ ಇಂಜಿನ್ ಬಾಳಿಕೆ ಬಗ್ಗೆ ಸ್ವಲ್ಪ ಹೇಳಬೇಕು. ನಮ್ಮ ಮಿಸ್ತ್ರಿ ಕಾಕಾ ತಿಳಿಸಿದ್ದು. ಎರಡು ದೊಡ್ಡ ಗಾಲಿಯ ಹಳೇ ನಮೂನಿ ಇಂಜಿನ್ ನಿಮಿಷಕ್ಕೆ ಸುಮಾರು 650 ಸುತ್ತು ತಿರುಗ್ತದ. ಬಹಳ ಭಾರ, ನಾಲ್ಕು ಮಂದಿ ಬೇಕು ಎತ್ತಲಿಕ್ಕೆ. ಹೊಸ ನಮೂನಿ 5 ಹಾರ್ಸ್ ಪವರ್ ಇಂಜಿನ್ 1500 ಸುತ್ತು ತಿರುಗ್ತದ. ಹಗುರ, ಬಂಡಿಮೇಲೆ ಎಲ್ಲಿಗಾದರೂ ಒಯ್ಯಬಹುದು. ಆದರೆ ಜಾಸ್ತಿ ತಿರುಗಿದ್ದು ಜಾಸ್ತಿ ಸವೀತದ, ಅದಕ್ಕೆ ಆಯಿಲ್, ಫಿಲ್ಟರ್ ನೋಡಿಕೊಳ್ಳೋದು ತಪ್ಪಬಾರದು. ಮಲ್ಪೆ ಕಡೆ ದೋಣಿಯ ಹಿಂದೆ ತೂಗುಹಾಕುವ ಇಂಜಿನ್ 5000 ಸುತ್ತಿನ ಆಸುಪಾಸು ತಿರುಗ್ತದಂತ. ಅದನ್ನು ತಂಪು ಮಾಡೋದು ಸಮುದ್ರದ ಉಪ್ಪುನೀರೇ. ಆದ್ದರಿಂದ ದಡಕ್ಕೆ ಬಂದ ಮೇಲೆ ಒಳಗೆ ಸಿಹಿನೀರು ಬಿಟ್ಟು ತೊಳೀಬೇಕು, ಇಲ್ಲದಿದ್ರೆ ಉಪ್ಪು ತಿಂದುಬಿಡ್ತದ. ನಮಗೆ ಸಮುದ್ರ ಇಲ್ಲ, ನಮ್ಮ ಇಂಜಿನ್ ತಿನ್ನೋದು ಧೂಳು.

ಇದು ನನಗೆ ಹೆಂಗ ಗೊತ್ತು ಅಂದ್ರೆ, ಹೋದ ಬೇಸಿಗೆಯಲ್ಲಿ ನಮ್ಮ ಇಂಜಿನ್ ಕಬ್ಬಿಗೆ ನೀರು ಬಿಡುವಾಗಲೇ ಹಿಡಿದುಕೊಂಡು ನಿಂತುಬಿಟ್ಟಿತು. ಆಯಿಲ್ ನೋಡುವ ಕೆಲಸ ನನ್ನದಿತ್ತು, ನಾನು ಆಟಕ್ಕೆ ಹೋಗಿದ್ದೆ. ಭಾಲ್ಕಿಯಿಂದ ಸಾಮಾನು ಬರೋ ತನಕ ಹನ್ನೊಂದು ದಿನ ನೀರಿಲ್ಲ. ಕಬ್ಬಿನ ಎರಡು ಸಾಲು ಒಣಗಿದವು. ಅಪ್ಪ ಬೈಯಲಿಲ್ಲ, ಅದೇ ಬಹಳ ಕೆಟ್ಟ ಅನಿಸಿತು. ಮಿಸ್ತ್ರಿ ಕಾಕಾ ಇಂಜಿನ್ ಬಿಚ್ಚಿ ಸವೆದ ಬೇರಿಂಗ್ ನನ್ನ ಕೈಯಾಗ ಕೊಟ್ಟರು. ಆಗಲೇ ನನಗೆ ಈ ಹೆಸರಿನವರು ಯಾರು ಎಂದು ತಿಳಿಯುವ ಆಸೆ ಬಂದದ್ದು. ನಮ್ಮ ಗುರುಗಳು ಹೇಳಿದರು, ನಾನು ಬರೆದುಕೊಂಡೆ.

ಲಕ್ಷ್ಮಣರಾವ್ ಕಿರ್ಲೋಸ್ಕರ್ 1956ನೇ ಇಸವಿ ಸೆಪ್ಟೆಂಬರ್ 26ರಂದು ತೀರಿಕೊಂಡರು. ಅವರು ಹುಟ್ಟಿ ನೂರು ವರ್ಷ ತುಂಬಿದಾಗ, 1969ರಲ್ಲಿ, ಭಾರತ ಸರಕಾರ ಅವರ ಅಂಚೆಚೀಟಿ ತಂದಿತು. ಆ ಚೀಟಿ ಯಾರ ಮನೆಯಲ್ಲಾದರೂ ಇದ್ದರೆ ತನ್ನಿರಿ, ಇಲ್ಲೇ ಪಕ್ಕದಲ್ಲಿ ಅಂಟಿಸೋಣ. ಸವೆದ ಬೇರಿಂಗ್ ನನ್ನ ದಪ್ತರದಾಗ ಅದ, ನೋಡಬೇಕಾದವರು ಮಧ್ಯಾಹ್ನ ಬಿಡುವಿನಲ್ಲಿ ಕೇಳಬಹುದು.